ಬೆನ್ನ ಹಿಂದಿನ ಕೈ

ನನಗೆ ಸಿಟ್ಟು ಬೇಗ. ಹಳ್ಳಿಮೈಸೂರಿನ ನಮ್ಮ ಬೀದಿಯಲ್ಲಿ ಅದು ಎಲ್ಲರಿಗೂ ಗೊತ್ತು. ಆವತ್ತು ಹಾಸನದ ಡಾಕ್ಟರಮ್ಮ ರಕ್ತದ ಚೀಟಿ, ಸ್ಕ್ಯಾನಿಂಗ್ ಎಲ್ಲ ನೋಡಿ, "ಏಳು ತಿಂಗಳಾಯ್ತು, ಮಗು ತೂಕಾನೇ ಕಟ್ಟಿಲ್ಲ. ಈ ಹುಡುಗಿ ಸರಿಯಾಗಿ ಊಟ ಮಾಡ್ತಾಳಾ?" ಎಂದು ಕೇಳಿದಾಗ ನನ್ನ ಮಗಳು ಅನುಶ್ರೀ ತಲೆ ತಗ್ಗಿಸಿದಳು. ಬೀಗರು ನನ್ನ ಮಗಳನ್ನು ಉಪವಾಸ ಕೆಡವಿದ್ದಾರೆ ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಅಳಿಯ ರಜನೀಶ್ ಮಲ್ಲಿಪಟ್ಟಣಕ್ಕೆ ಕಾರು ಹೊರಡಿಸಿದಾಗ ನಾನೂ ಹತ್ತಿ ಕುಳಿತೆ. ದಾರಿಯಲ್ಲಿ ಹೋಟೆಲ್ ಹತ್ತಿರ ನಿಲ್ಲಿಸಲಾ ಎಂದ. ಬೇಡ ಎಂದೆ. ಬೈಗುಳವನ್ನೆಲ್ಲ ಬೀಗಿತ್ತಿ ದಾಕ್ಷಾಯಣಮ್ಮನಿಗೆಂದು ಎತ್ತಿಟ್ಟುಕೊಂಡಿದ್ದೆ.

ಅಂಗಳದಲ್ಲೇ ಶುರು ಮಾಡಿದೆ. "ಒಂದು ತುತ್ತಿಗೆ ಬರ ಬಂದಿತ್ತಾ ನಿಮ್ಮನೇಲಿ? ಬಸ್ರಿ ಎಂಗ್ಸು ಕಣ್ರೀ. ನಾಯಿಗಾದ್ರೂ ಒತ್ತೊತ್ತಿಗೆ ಹಾಕ್ತಾರೆ." ಪಕ್ಕದ ಮನೆಯವರು ಜಗಲಿಗೆ ಬಂದರು. ಅವರಿಗೂ ಕೇಳಲಿ ಎಂದು ದನಿ ಏರಿಸಿದೆ.

ಹುರುಳಿ ಆರಿಸುತ್ತಿದ್ದ ದಾಕ್ಷಾಯಣಮ್ಮ ಮೊರ ಕೆಳಗಿಟ್ಟರು. "ನಾನು ದಿನಾ ಕೇಳ್ತೀನಿ ಕಣವ್ವ. ಇಲ್ಲಿ ಗಂಡಸ್ರು ತ್ವಾಟದಿಂದ ಬಂದಾಗ ಉಣ್ತಾರೆ, ನಾವು ಕೆಲ್ಸ ಮುಗ್ದಂಗೆ ಬಡಿಸ್ಕೊಂಡು ಉಣ್ತೀವಿ. ಉಂಡ್ಯಾ ಅಂದ್ರೆ ಆಯ್ತತ್ತೆ ಅಂತಾಳೆ. ಎಲ್ಡ್ ಸಲ ಕೇಳ್ತೀನಿ. ಮೂರ್ನೇ ಸಲ ಕೇಳುದ್ರೆ ಅನುಮಾನ ಪಟ್ಟಂಗಾಗಲ್ವಾ?"

"ಸುಳ್ಳು" ಎಂದೆ.

ಅವರು ವಾದಕ್ಕೆ ಬರಲಿಲ್ಲ. ಕಾಲು ತೊಳೆದು ಬರುತ್ತಿದ್ದ ಅನುವನ್ನು ನೋಡಿ, "ಉಂಡ್ಯಾ ಮಗಾ?" ಎಂದು ಕೇಳಿದರು.

ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಹಾಸನಕ್ಕೆ ಬಂದಿದ್ದವಳು. ಆಮೇಲೆ ಒಂದು ಎಳನೀರು ಬಿಟ್ಟರೆ ಏನೂ ಮುಟ್ಟಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಅನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕತ್ತು ಒಂಚೂರು ವಾಲಿಸಿ, ನಗುತ್ತಾ, "ಈಗ್ಲೇ ಆಯ್ತತ್ತೆ" ಎಂದಳು.

ಆ ಕೈಗಳನ್ನು ಹಾಗೆ ಕಟ್ಟಿಸಿದವಳು ನಾನು.

ಅವಳಿಗೆ ಆಗ ನಾಲ್ಕು ವರ್ಷ. ಚನ್ನರಾಯಪಟ್ಟಣದಲ್ಲಿ ನೆಂಟರ ಗೃಹಪ್ರವೇಶ. ಮೂರನೇ ಕಜ್ಜಾಯಕ್ಕೆ ಕೈ ಚಾಚಿದಳು. "ಮನೇಲಿ ಏನೂ ಮಾಡ್ಕೊಡಲ್ವೇನೋ ಪಾಪ" ಎಂದು ಯಾರೋ ನಕ್ಕರು. ನನಗೆ ಭೂಮಿಗೆ ಇಳಿದುಹೋದಂತಾಯಿತು. ಮಾರನೇ ದಿನದಿಂದಲೇ, ನಮ್ಮವ್ವ ನನಗೆ ಕಲಿಸಿದ ಹಾಗೆ, ಪಾಠ ಶುರು ಮಾಡಿದೆ. ನಾನು ಹೊಸ್ತಿಲಾಚೆ ನಿಂತು ಪಕ್ಕದ ಮನೆಯವಳಾಗುವುದು. ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಹಿಡಿದು "ತಗೋ ಮಗಾ" ಅನ್ನುವುದು. ಅವಳು ಕೈ ಹಿಂದೆ ಕಟ್ಟಿ "ಬೇಡ, ಈಗ್ಲೇ ಊಟ ಆಯ್ತು" ಅನ್ನಬೇಕು. ಕೈ ಮುಂದೆ ಬಂದರೆ ಸೌಟಿನ ಹಿಡಿಯಿಂದ ಒಂದೇಟು. ಬೇರೆಯವರ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆಯಬಾರದು ಎಂಬುದನ್ನೂ ಹಾಗೇ ಕಲಿಸಿದೆ. "ಸರಿಯಾಗಿ ಹೇಳಿದ್ನಾ ಅಮ್ಮ?" ಎಂದು ಮಗು ನನ್ನ ಮುಖ ನೋಡುತ್ತಿತ್ತು. ಆಮೇಲಾದರೂ ಆ ಮಿಠಾಯಿಯನ್ನು ಅದರ ಕೈಗೆ ಕೊಟ್ಟೆನೋ ಇಲ್ಲವೋ, ಎಷ್ಟು ಯೋಚಿಸಿದರೂ ಈಗ ನೆನಪಾಗುತ್ತಿಲ್ಲ.

ಆರು ವರ್ಷದವಳಿದ್ದಾಗ ಒಂದು ದಿನ ಅವಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಹೊಳೆನರಸೀಪುರದ ಆಸ್ಪತ್ರೆಗೆ ಹೋಗಿದ್ದೆ. ಸಂಜೆ ಬಂದರೆ, "ನಿನ್ ಮಗಳು ಏನೂ ಮುಟ್ನಿಲ್ಲ ಕಣೆ. ಕೇಳ್ದಾಗೆಲ್ಲ ಆಯ್ತು ಆಯ್ತು ಅಂದ್ಳು" ಎಂದರು. ಮಗುವಿನ ತುಟಿ ಒಣಗಿತ್ತು. ನಾನು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಅದನ್ನು ಹೆಮ್ಮೆಯಿಂದ ಹೇಳುತ್ತಾ ಬಂದೆ. ಊಟಕ್ಕೆ ಹಾಕಿದ್ದು ಆಮೇಲೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ದಾಕ್ಷಾಯಣಮ್ಮ ಒಳಗೆ ಹೋಗಿ ತಟ್ಟೆಗೆ ಬಡಿಸಿ ತಂದಿದ್ದರು. ಮುಂದೆ ಇಟ್ಟ ಮೇಲೆ ಅನು ಎರಡು ಮುದ್ದೆ ಉಂಡಳು. ತಲೆ ಎತ್ತದೆ ಉಂಡಳು. ನನಗೂ ಒಂದು ತಟ್ಟೆ ಇಟ್ಟರು. ಅದರ ಮುಂದೆ ಕೂರುವ ಮುಖ ನನಗಿರಲಿಲ್ಲ. "ಸ್ವಲ್ಪ ದಿನ ಕರ್ಕೊಂಡೋಗ್ತೀನಿ" ಎಂದಷ್ಟೇ ಹೇಳಿ, ಅಳಿಯ ಕಾರಿನಲ್ಲಿ ಬಿಡುತ್ತೇನೆಂದರೂ ಕೇಳದೆ, ಮಗಳನ್ನು ಹೊರಡಿಸಿಕೊಂಡು ಬಸ್ಸು ಹತ್ತಿದೆ. ತಪ್ಪಾಯಿತು ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಬೈಯುವಾಗ ಎಷ್ಟು ಸಲೀಸಾಗಿ ಬಂದಿತ್ತು.

ಮನೆಗೆ ಬಂದು ಸಂಜೆ ಸೊಪ್ಪಿನ ಸಾರು ಮಾಡಿದೆ. "ಊಟಕ್ಕೆ ಬತ್ತೀಯಾ?" ಎಂದು ಕೂಗಿದೆ.

"ನಂದು ಆಯ್ತಮ್ಮ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈ ಎರಡೂ ಹಿಂದೆ. ಹುಟ್ಟಿ ಬೆಳೆದ ಮನೆಯಲ್ಲಿ, ಹೆತ್ತ ತಾಯಿಯ ಎದುರು. ಮದುವೆಯಾಗಿ ಒಂದೂವರೆ ವರ್ಷಕ್ಕೆ ಇದೂ ಅವಳಿಗೆ ಬೇರೆಯವರ ಮನೆಯಾಗಿತ್ತು.

ಹೊಸ್ತಿಲಾಚೆ ಹೋಗಿ ನಿಂತೆ. "ಅನು, ನಾನು ಕೇಳ್ತೀನಿ. ನೀನು 'ಇಲ್ಲ, ನಂಗೆ ಹಸಿವು' ಅನ್ನು. ಊಟ ಆಯ್ತಾ ಮಗಾ?"

ಅವಳಿಗೆ ಹಳೆಯ ಆಟ ನೆನಪಾಗಿ ನಗು ಬಂತು. ಬಾಯಿ ತೆರೆದಳು. "ಆ…" ಎಂದಳು. ತಡೆದುಕೊಂಡಳು. ಇನ್ನೊಂದು ಸಲ ಕೇಳಿದೆ. ಮತ್ತೆ ಅದೇ ಬಂತು. ಮೂರನೇ ಸಲಕ್ಕೆ ಕಣ್ಣು ತುಂಬಿಕೊಂಡು, "ನಂಗೆ ಕೇಳಕ್ ಬರಲ್ಲ ಕಣಮ್ಮ. ನೀನೇ ಆಕ್ಬುಡು" ಎಂದಳು.

ಬಡಿಸಿ, ಹಿಂದಿದ್ದ ಕೈಯನ್ನು ನಾನೇ ಹಿಡಿದು ತಂದು ತಟ್ಟೆಗೆ ಇಟ್ಟೆ. ಅವಳು ಉಣ್ಣತೊಡಗಿದ ಮೇಲೆ ಪಕ್ಕದಲ್ಲೇ ನಿಂತು ಮಲ್ಲಿಪಟ್ಟಣಕ್ಕೆ ಫೋನ್ ಮಾಡಿದೆ.

"ದಾಕ್ಷಾಯಣಮ್ಮೋರೆ, ತಪ್ಪು ನಂದು. ನಾನೇ ಅವಳನ್ನ ಇಂಗೆ ಬೆಳೆಸ್ಬುಟ್ಟೆ. ಬೈದಿದ್ದು ಬೀದಿಯವ್ರ ಮುಂದೆ, ಅವ್ರ ಮುಂದೇನೇ ಬಂದು ತಪ್ಪಾಯ್ತು ಅಂತೀನಿ. ಇನ್ಮೇಲೆ ಅವಳನ್ನ ಕೇಳ್ಬ್ಯಾಡಿ. ಬಡಿಸ್ಬುಡಿ."

"ಅಂಗೇ ಮಾಡ್ತೀನಿ ಬುಡಿ" ಎಂದರು. "ನೀವು ಉಂಡ್ರಾ? ಇಲ್ಲಿಂದ್ಲೂ ಬರೀ ಒಟ್ಟೇಲಿ ವೋದ್ರಿ."

"ಓ, ಈಗ್ಲೇ ಆಯ್ತು" ಎಂದೆ, ನಗುತ್ತಾ.

ಬೆಳಗಿನಿಂದ ನನ್ನ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ. ಅನು ಉಣ್ಣುವುದನ್ನು ನಿಲ್ಲಿಸಿ ಫೋನ್ ಹಿಡಿಯದ ನನ್ನ ಕೈಯನ್ನು ನೋಡುತ್ತಿದ್ದಳು. ಅದು ನನಗೇ ಗೊತ್ತಿಲ್ಲದೆ ಬೆನ್ನ ಹಿಂದೆ ಹೋಗಿತ್ತು.