ಡಿಬಗ್ ಆನ್ ಇರಲಿ

ಮಾಲೀಕನ ಹೆಂಡತಿಗೆ ಒಬ್ಬ ತಮ್ಮನಿದ್ದ. ಆ ಒಂದೇ ಅರ್ಹತೆಯ ಮೇಲೆ ಅವನು ಕಂಪನಿಯ ತಾಂತ್ರಿಕ ಮುಖ್ಯಸ್ಥನಾಗಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ಭಾವಮೈದುನ ಎಂದೇ ಕರೆಯುತ್ತಿದ್ದರು. ಗಾಜಿನ ಕೋಣೆಯಲ್ಲಿ ಕೂತು, ಒಂದು ಪರದೆಯ ಮೇಲೆ ಕೋಡ್ ತೆರೆದಿಟ್ಟು, ಇನ್ನೊಂದರಲ್ಲಿ ಕಾರುಗಳ ಫೋಟೊ ನೋಡುವುದು ಅವನ ದಿನಚರಿ.

ಆಸ್ಪತ್ರೆಯೊಂದರ ಕೆಲಸ ಬಂತು: ರೋಗಿಗಳು ಮನೆಯಿಂದಲೇ ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ವೆಬ್‌ಸೈಟ್. ಹೆಚ್ಚುಕಡಿಮೆ ಎಲ್ಲವನ್ನೂ ಬರೆದವಳು ಹಿರಿಯ ಪ್ರೋಗ್ರಾಮರ್. ಮುಖ್ಯಸ್ಥನೆಂಬ ಮರ್ಯಾದೆಗೆ, ಹುಟ್ಟಿದ ದಿನಾಂಕ ಪರೀಕ್ಷಿಸುವ ಭಾಗವನ್ನಷ್ಟೇ ಭಾವಮೈದುನ ಬರೆದ.

ಸೈಟನ್ನು ಒಪ್ಪಿಸುವ ಮುಂಚೆ ಅವಳು ಸೆಟ್ಟಿಂಗ್ ಫೈಲ್ ತೆರೆದು ನೋಡಿದಳು. ಡಿಬಗ್ ಇನ್ನೂ ಆನ್ ಇತ್ತು. ಕೋಡ್ ಬರೆಯುವವರು ತಮ್ಮ ತಪ್ಪು ಹುಡುಕಿಕೊಳ್ಳಲು ಇರುವ ಅನುಕೂಲ ಅದು. ಆನ್ ಇದ್ದರೆ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅದನ್ನು ಚುರುಕುಗೊಳಿಸುವ ಗೋಜಿಗೇ ಹೋಗುವುದಿಲ್ಲ, ಸೈಟು ತೆವಳುತ್ತದೆ. ದೋಷದ ವಿವರ ಮುಚ್ಚಿಡುವ ಆಯ್ಕೆಯನ್ನೂ ಭಾವಮೈದುನ ತೆಗೆದುಹಾಕಿದ್ದ. ಸೈಟು ಎಲ್ಲಿ ಎಡವಿದರೂ ಅಲ್ಲಿನ ಕೋಡ್ ಸಾಲುಗಳು ಬಂದವರ ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ.

"ಡಿಬಗ್ ಆಫ್ ಮಾಡ್ಲಾ ಸರ್?" ಎಂದು ಅವನ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಆನ್ ಇರ್ಲಿ. ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತೆ. ಎಲ್ಲಾ ನಿಮ್ಗೇ ಗೊತ್ತು ಅನ್ಕೋಬೇಡಿ."

ಇಂಥವನಿಗೆ ಬಿಡಿಸಿ ಹೇಳುವುದಕ್ಕಿಂತ ಗೋಡೆಯ ಜೊತೆ ಮಾತಾಡುವುದು ವಾಸಿ ಎನಿಸಿತು. 'ಬೀಳಲಿ, ಮೂಗು ಜಜ್ಜಿಕೊಳ್ಳಲಿ' ಎಂದುಕೊಂಡು ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆಯಲ್ಲಿ ಸಣ್ಣ ಸುಖವೂ ಇತ್ತು.

ಆಸ್ಪತ್ರೆಯ ಸಭಾಂಗಣದಲ್ಲಿ ಗೋಡೆ ತುಂಬ ಪರದೆ ಹಾಕಿದ್ದರು. ಮಾಲೀಕ ಟೈ ಸರಿಮಾಡಿಕೊಳ್ಳುತ್ತ ಕೂತಿದ್ದ, ಪಕ್ಕದಲ್ಲಿ ಪ್ರೋಗ್ರಾಮರ್. ಭಾವಮೈದುನ ಸೈಟಿನ ಬಣ್ಣಗಳ ಬಗ್ಗೆ, ಒತ್ತುವ ಗುಂಡಿಗಳ ದುಂಡುತನದ ಬಗ್ಗೆ ಭಾಷಣ ಬಿಗಿದ. ಆಸ್ಪತ್ರೆ ಕಟ್ಟಿದ ದೊಡ್ಡ ಡಾಕ್ಟರಮ್ಮ ಆಕಳಿಕೆ ತಡೆದುಕೊಂಡು, "ನಾನೇ ನೋಡ್ತೀನಿ ಬಿಡಪ್ಪ" ಎಂದು ಕೀಲಿಮಣೆ ಎಳೆದುಕೊಂಡು ತಮ್ಮದೇ ಹುಟ್ಟಿದ ದಿನಾಂಕ ಒತ್ತಿದರು.

ಸೈಟು ಬಹಳ ಹೊತ್ತು ತಿಣುಕಿತು. ಆಮೇಲೆ ಪರದೆ ಬಿಳುಚಿ, ಕೋಡಿನ ನಾಲ್ಕಾರು ಸಾಲು ಮೂಡಿದವು. ಒಂದು ಸಾಲು ಕೆಂಪಗಿತ್ತು. ಅದರ ಮೇಲೆ ಭಾವಮೈದುನ ತನಗಾಗಿ ಬರೆದುಕೊಂಡ ಟಿಪ್ಪಣಿ. ಡಾಕ್ಟರಮ್ಮ ಕನ್ನಡಕ ಏರಿಸಿ, ಜ್ವರದ ಅಂಕಿ ಓದುವ ದನಿಯಲ್ಲಿ ಓದಿದರು:

"ಐವತ್ತನೇ ಇಸವಿಗೆ ಮುಂಚೆ ಹುಟ್ಟಿದೋರು ಕಂಪ್ಯೂಟರ್ ಮುಟ್ಟಲ್ಲ, ಅವ್ರ ಲೆಕ್ಕ ಬೇಡ. ಮುದುಕಿ ಡಾಕ್ಟ್ರಿಗೆ ಬಣ್ಣ ತೋರ್ಸಿದ್ರೆ ಸಾಕು."

ಮಾಲೀಕ ಭಾವಮೈದುನನ ಕಡೆ ತಿರುಗಿದ.

"ಅದು... ಕಂಪೈಲರ್ ತಪ್ಪು ಮೇಡಂ," ಎಂದು ಭಾವಮೈದುನ ತೊದಲಿದ.

"ಹೌದಾ? ನನ್ನ ಮುದುಕಿ ಅಂದಿದ್ದು ಕಂಪೈಲರ್ರಾ?"

ಹಿಂದಿನ ಸಾಲಿನಲ್ಲಿ ದಾದಿಯೊಬ್ಬಳು ಕಿಸಕ್ಕನೆ ನಕ್ಕಳು. ಪ್ರೋಗ್ರಾಮರಿಗೂ ನಗು ಉಕ್ಕಿತು, ತುಟಿ ಕಚ್ಚಿಕೊಂಡಳು. ಡಾಕ್ಟರಮ್ಮನ ಕಣ್ಣು ಅದನ್ನು ಹಿಡಿಯಿತು.

"ಇದು ಹಿಂಗೆ ಕಾಣ್ಸುತ್ತೆ ಅಂತ ನಿನಗೆ ಗೊತ್ತಿತ್ತೇನಮ್ಮ?"

"ಗೊತ್ತಿತ್ತು. ಇವ್ರಿಗೆ ಹೇಳ್ದೆ, ಕೇಳ್ಲಿಲ್ಲ."

"ಆಮೇಲೆ ನನಗ್ ಹೇಳ್ದ್ಯಾ? ನಿಮ್ಮ ಮಾಲೀಕ್ರಿಗೆ?"

"ಇಲ್ಲ ಮೇಡಂ."

"ನನ್ನ ರೋಗಿಗಳಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನೋರು. ಇವನು ದಡ್ಡ, ಬಿಡು. ನೀನು ತಮಾಷೆ ನೋಡ್ತಾ ಕೂತೆ," ಎಂದು ಡಾಕ್ಟರಮ್ಮ ಕೀಲಿಮಣೆಯನ್ನು ಆಚೆ ತಳ್ಳಿ ಎದ್ದರು. "ಸರಿಮಾಡಿ ತನ್ನಿ. ಇವನನ್ನ ಮಾತ್ರ ಕರ್ಕೊಂಡ್ ಬರ್ಬೇಡಿ."

ಅವಳು ಅಂದೇ ಡಿಬಗ್ ಆಫ್ ಮಾಡಿ, ದಿನಾಂಕದ ಭಾಗವನ್ನು ಹೊಸದಾಗಿ ಬರೆದಳು. ಕೆಲಸ ಕಂಪನಿಯಲ್ಲೇ ಉಳಿಯಿತು. ಭಾವಮೈದುನನೂ ಉಳಿದ. ಅವನ ಅಕ್ಕ ಊಟ ಬಿಟ್ಟು ಅತ್ತಳಂತೆ. ಮುಂದಿನ ವಾರ ಮಾಲೀಕ ಅವನನ್ನು ಗುಣಮಟ್ಟದ ನಿರ್ದೇಶಕನನ್ನಾಗಿ ಮಾಡಿ, ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದ. ಪ್ರೋಗ್ರಾಮರೂ ತಟ್ಟಿದಳು. ಅವನ ಬಗ್ಗೆ ಅವಳಿಗಿದ್ದ ತಾತ್ಸಾರ ಕಿಂಚಿತ್ತೂ ಇಳಿದಿರಲಿಲ್ಲ. ಆದರೆ ಅದರಲ್ಲಿ ಮೊದಲಿನ ಸುಖವಿರಲಿಲ್ಲ.