ತಿದ್ದಿ ಹೇಳಿದ ಮಾತು

ದರ್ಸೊನೊಗೆ ನಾಚಿಕೆ ಇರಲಿಲ್ಲ. ಇದ್ದದ್ದು ಹೋಗಿತ್ತು. ಅವನ ಪಾಲಿನದನ್ನೂ ಹೆಂಡತಿ ಮರ್ಸಿನಿಯೇ ಪಡುತ್ತಿದ್ದಳು.

ಜಾವಾದ ಸೋಲೊ ಊರಿನ ಮದುವೆಗಳಲ್ಲಿ ಮೈಕು ಹಿಡಿದು ಬೀಗರನ್ನು ಬರಮಾಡಿಕೊಳ್ಳುವುದು ಅವನ ಕೆಲಸ. ಜಾವಾದ ಮಾತಿನಲ್ಲಿ ಹಿರಿಯರಿಗೆ ಆಡುವ ಪದಗಳೇ ಬೇರೆ. ಅವನ್ನು ಅವನಷ್ಟು ಚೆನ್ನಾಗಿ ಆಡುವವರು ಆ ಕಡೆ ಇರಲಿಲ್ಲ. ಹೆಂಡತಿಯನ್ನೂ 'ಡಿಯಾಜೆಂಗ್' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದ. ಐವತ್ತೈದು ದಾಟಿದ ಮೇಲೆ ಅದು 'ಏಯ್' ಆಯಿತು. ಒಂದು ಮದುವೆಯಲ್ಲಿ ವಧುವಿನ ಅಜ್ಜನಿಗೆ ಮೈಕಿನಲ್ಲೇ, "ಲೇ ಮುದುಕ, ಎಷ್ಟ್ ತಿಂತೀಯೋ, ಏಳು" ಎಂದ. ಮತ್ತೆ ಯಾರೂ ಕರೆಯಲಿಲ್ಲ. ಅವನಿಗೇನೂ ಅನ್ನಿಸಲಿಲ್ಲ. ಕರಿದ ಬಾಳೆಹಣ್ಣು ತಿನ್ನುತ್ತ ಒಂದೇ ಬೀದಿ ಸುತ್ತುತ್ತಿದ್ದ.

ಮರ್ಸಿನಿ ಅವನನ್ನು ತೋರಿಸಿದ ಮನೋವೈದ್ಯ ಸಿಂಬೊಲೊನ್ ಸುಮಾತ್ರದವನು. ಅವನಿಗೆ ಜಾವಾದ ಮಾತು ಬಾರದು, ದರ್ಸೊನೊ ಬೇರೆ ಮಾತಾಡಲೊಲ್ಲ. ಮಾತು ತಿರುಗಿಸಿ ಹೇಳಲು ಮರ್ಸಿನಿ ನಡುವೆ ಕೂತಳು.

"ನಿದ್ದೆ ಬರುತ್ತಾ, ಪಾಕ್?" ಎಂದು ಸಿಂಬೊಲೊನ್ ಹಿರಿಯರನ್ನು ಕರೆಯುವಂತೆ ಕೇಳಿದ.

"ನಿನ್ ಹೊಟ್ಟೆ ನೋಡ್ಕೊ ಮೊದ್ಲು, ಡೊಳ್ಳ. ಎಷ್ಟ್ ತಿಂಗ್ಳು?"

ಮರ್ಸಿನಿ ನೆಲ ನೋಡಿದಳು. "ತಾವು ಚೆನ್ನಾಗಿದೀರಾ ಅಂತ ವಿಚಾರಿಸ್ತಿದಾರೆ, ಡಾಕ್ಟ್ರೇ. ಇವ್ರಿಗೆ ಈಚೆಗೆ ಖುಷಿ ಜಾಸ್ತಿ."

ಸಿಂಬೊಲೊನ್ ಆ ಖುಷಿಯನ್ನೇ ಹಿಡಿದ. ಮದುವೆಯಲ್ಲಿ ಆದದ್ದನ್ನು ಹೇಳಲು ಮರ್ಸಿನಿಗೆ ಮುಖವಿರಲಿಲ್ಲ. ಖುಷಿ ಮಿತಿಮೀರುವ ಉನ್ಮಾದ ಎಂದು ಅವನು ಮಾತ್ರೆ ಕೊಟ್ಟ. ಮಾತ್ರೆಗೆ ದರ್ಸೊನೊನ ಮೈ ಮರದಂತೆ ಸೆಟೆಯಿತು. ಬಚ್ಚಲ ಬಾಗಿಲಲ್ಲಿ ಬಿದ್ದು ಹಲ್ಲು ಮುರಿದುಕೊಂಡ. ನಾಲಿಗೆ ಮಾತ್ರ ಹಾಗೇ ಇತ್ತು.

ವರ್ಷದ ಮೇಲೆ ನರರೋಗದ ವೈದ್ಯೆ ವುಲಂದರಿಯ ಬಳಿಗೆ ಹೋದರು. ಅವಳು ಸೋಲೊದವಳೇ.

"ಏನೇ ಕುಳ್ಳಿ," ಎಂದ ದರ್ಸೊನೊ.

"ನಮಸ್ಕಾರ ಅಂತಿದಾರೆ..." ಎಂದಳು ಮರ್ಸಿನಿ, ರೂಢಿಯಂತೆ.

"ನಂಗೂ ಕೇಳಿಸ್ತು, ಬು. ಮರ್ಯಾದೆ ಮಾತು ಯಾವಾಗಿಂದ ಹೋಯ್ತು?" ಎಂದಳು ವುಲಂದರಿ, ತಾಯಿಯನ್ನು ಕರೆವ 'ಬು' ಸೇರಿಸಿ.

ಮರ್ಸಿನಿಯ ಕಿವಿ ಬಿಸಿಯಾಯಿತು. ಮೈಕು, ಮದುವೆ, ಅಜ್ಜ, ಎಲ್ಲವನ್ನೂ ಹೇಳಿದಳು.

"ಹಿಂದೆ ಯಾವಾಗ್ಲಾದ್ರೂ ಹೀಗಾಗಿ ಸರಿಹೋಗಿತ್ತಾ?"

"ಇಲ್ಲ. ಒಂದೇ ಸಮ ಇಳೀತಾ ಬಂತು."

"ನೀವು ಅತ್ರೆ ಏನ್ ಮಾಡ್ತಾರೆ?"

"ಬಾಳೆಹಣ್ಣು ಕರಿದ್ಕೊಡು ಅಂತಾರೆ."

"ಉನ್ಮಾದ ಬರುತ್ತೆ, ಇಳಿಯುತ್ತೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಲ್ಲೇ ಕಾಣಿಸ್ಕೊಳ್ಳುತ್ತೆ. ಇವ್ರಲ್ಲಿ ಖುಷಿ ಎಲ್ಲಿದೆ ಬು? ತಲೆ ಸ್ಕ್ಯಾನ್ ಮಾಡ್ಸಿ."

ಸ್ಕ್ಯಾನಿನಲ್ಲಿ ಹಣೆಯ ಹಿಂದಿನ ಮಿದುಳು ಬತ್ತಿತ್ತು. ಹುಚ್ಚಲ್ಲ, ಕೊಬ್ಬಲ್ಲ, ನೆನಪಿಗಿಂತ ಮೊದಲು ನಡತೆಯನ್ನೇ ತಿನ್ನುವ ಡಿಮೆನ್ಷಿಯಾ.

"ನಾನು ಮೊದ್ಲೇ ಹೇಳಿದ್ರೆ ವಾಸಿ ಆಗ್ತಿತ್ತಾ?"

"ಇಲ್ಲ. ಆದ್ರೆ ಆ ಮಾತ್ರೆ ಕೊಡ್ತಿರ್ಲಿಲ್ಲ. ಬೀಳ್ತಿರ್ಲಿಲ್ಲ."

ಹೊರಗೆ ದರ್ಸೊನೊ ಸೈಕಲ್ ರಿಕ್ಷಾದವನಿಗೆ "ಕತ್ತೆ, ಬೇಗ ತುಳಿ" ಎಂದ. ಮರ್ಸಿನಿ ತಿದ್ದಲು ಬಾಯಿ ತೆರೆದಳು, ಮುಚ್ಚಿದಳು. "ಇವ್ರಿಗೆ ಕಾಯಿಲೆ," ಎಂದಳು.

"ನನ್ ಹೆಂಡ್ತೀನೂ ನನ್ನ ಕತ್ತೆ ಅಂತಾಳೆ ಬು. ಅವ್ಳಿಗೇನೂ ಕಾಯಿಲೆ ಇಲ್ಲ," ಎಂದ ರಿಕ್ಷಾದವನು.

ಮರ್ಸಿನಿಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ಕೂತಿದ್ದಳು.

ಹೋದದ್ದು ಒಂದು ವರ್ಷ, ಮುಂದಿನ ಎರಡು ಹಲ್ಲು, ಡಿಯಾಜೆಂಗ್ ಎಂಬ ಒಂದು ಪದ.