ಗೋವರ್ಧನಣ್ಣನ ಹೆಸರಿನ ರಕ್ತ

ಯಕ್ಷಗಾನದ ರಂಗದ ಮೇಲೆ ಮಹಿಷಾಸುರನಾಗಿ ಅಬ್ಬರಿಸುವ ಗೋವರ್ಧನನಿಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಹಳೆಯ ಕಾಮಾಲೆಯ ಸೋಂಕು ಅವನ ಯಕೃತ್ತಿನಲ್ಲಿ ಉಳಿದುಬಿಟ್ಟಿತ್ತು. ಯಕೃತ್ತಿನ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಲು ಕುಂದಾಪುರದ ಡಾಕ್ಟರು ಚೀಟಿ ಬರೆದುಕೊಟ್ಟರು. ಗೋವರ್ಧನ ಅದನ್ನು ಮೇಳದ ಜೊತೆಗಾರ ಸೋಮನ ಕೈಗಿಟ್ಟ.

"ಹ್ವಾಯ್ ಸೋಮ, ನೀ ಹೋಯಿ ಕೊಟ್ಕಂಡ್ ಬಾ ಮಾರಾಯ."

"ನಿಮ್ ರಕ್ತ ನಾನ್ ಕೊಡುದ್ ಹ್ಯಾಂಗೆ?"

"ಕೊಕ್ಕರ್ಣೆಲಿ ನಂಗೆ ಜ್ವರ ಬಂದಾಗ ನೀ ನನ್ ವೇಷ ಕಟ್ಟುಲಿಲ್ಯಾ? ಹಾಂಗೇ."

ಮೇಳದಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬ ಅವನ ವೇಷ ಕಟ್ಟುವುದು ವಾಡಿಕೆ. ಸೋಮ ಇಪ್ಪತ್ತೆರಡು ವರ್ಷ ಬದುಕಿದ್ದೇ ಹಾಗೆ; ಕರಪತ್ರದಲ್ಲಿ ಒಮ್ಮೆಯೂ ಅವನ ಹೆಸರು ಬಂದದ್ದಿಲ್ಲ. ಲ್ಯಾಬಿನಲ್ಲಿ "ಗೋವರ್ಧನ" ಎಂದು ಕರೆದಾಗ ಎದ್ದು ತೋಳು ಚಾಚಿದ.

ಹತ್ತರೊಳಗೆ ಇರಬೇಕಾದ ಅಂಕಿ ಆರುನೂರ ನಲವತ್ತು ಬಂತು.

ಹೆಮ್ಮಾಡಿಯ ಬಿಡಾರದಲ್ಲಿ ಗೋವರ್ಧನ ಚಾಪೆ ಹಿಡಿದ. "ಬಲಬದಿ ಪಕ್ಕೆ ಹಿಡ್ಕಂತ್" ಎಂದು ನರಳಿದ. ಕಲಾವಿದರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದರು. ಭಾಗವತ ಪ್ರೇಮಾನಂದರು ಸನ್ಮಾನಕ್ಕೆ ಶಾಲು ತರಿಸಿದರು. ಎಳನೀರು ತರಲು ಓಡಿದವನು ಸೋಮ. ದಾರಿಯಲ್ಲಿ ಒಮ್ಮೆ ನಿಂತು ತನ್ನ ಬಲಪಕ್ಕೆಯನ್ನು ಮುಟ್ಟಿ ನೋಡಿಕೊಂಡ.

ಮೂರನೆಯ ದಿನ ಬಾಯಿಬಿಟ್ಟ. "ಗೋವರ್ಧನಣ್ಣ, ಆ ರಕ್ತ ನಂದ್."

"ಗೊತ್ತಿತ್ ಮಾರಾಯ. ಹೆಸ್ರ್ ನಂದಲ್ದಾ? ನೀ ಮಹಿಷಾಸುರ ಆದ ದಿನ ದೇವಿ ಕೊಂದದ್ ನಿನ್ನನ್ನಾ?"

ಕೊಕ್ಕರ್ಣೆಯ ಆ ರಾತ್ರಿ ದೇವಿಯ ತ್ರಿಶೂಲ ಸೋಮನ ಎದೆಗೇ ತಾಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು, ಸ್ಕ್ಯಾನ್ ಆಗಬೇಕು ಎಂದರು ಡಾಕ್ಟರು. ಸ್ಕ್ಯಾನಿನ ದಿನ ಸೋಮ ಚೀಲ ಹಿಡಿದು ಜೊತೆಗೆ ಹೋದ. ನರ್ಸ್ ಕರೆದಳು: "ಗೋವರ್ಧನ!"

ಇಬ್ಬರೂ ಎದ್ದರು.

"ನೀ ಕೂಕೊ. ಇದಕ್ಕೆ ಸೂಜಿ ಇಲ್ಯಂಬ್ರ್, ನಾನೇ ಹೋತೆ."

ಗೋವರ್ಧನ ಹೋದರೆ ಯಕೃತ್ತು ಶುದ್ಧವಿದೆ ಎಂದು ಬರುತ್ತದೆ, ಬಿಡಾರದಲ್ಲಿ ಪಾಯಸವಾಗುತ್ತದೆ, ಆರುನೂರ ನಲವತ್ತನ್ನು ಎಲ್ಲರೂ ಮರೆಯುತ್ತಾರೆ. ಸೋಮ ಕೂರಲಿಲ್ಲ.

"ಇಲ್ಲೆ ಅಣ್ಣ." ನರ್ಸಿನತ್ತ ತಿರುಗಿದ. "ನನ್ ಹೆಸ್ರ್ ಸೋಮ. ಅವತ್ತ್ ರಕ್ತ ಕೊಟ್ಟದ್ ನಾನ್."

ಅವಳು ಇಬ್ಬರನ್ನೂ ನೋಡಿದಳು. "ಹಾಂಗಾರೆ ಇವ್ರ್ ರಕ್ತ ಇನ್ನೂ ತೆಗಿಲಿಲ್ಯಾ?"

ಗೋವರ್ಧನ ಕುರ್ಚಿಯ ಕೈ ಹಿಡಿದುಕೊಂಡ.

ಡಾಕ್ಟರನ್ನು ಕೇಳಿ ಬಂದ ನರ್ಸ್, ಚೀಟಿಯಲ್ಲಿದ್ದ ಹೆಸರು ಹೊಡೆದು 'ಸೋಮ' ಎಂದು ಬರೆದಳು. ಸೋಮ ಅದನ್ನು ಸ್ವಲ್ಪ ಹೊತ್ತು ನೋಡಿದ. ಒಳಗೆ ಹೋಗಿ, ಅಂಗಿ ಬಿಚ್ಚಿ ಮಲಗಿದ. ಸ್ಕ್ಯಾನಿಗೆಂದು ಪಕ್ಕೆಗೆ ಹಚ್ಚಿದ ಜೆಲ್ ತಣ್ಣಗಿತ್ತು. ಹೊರಗೆ ಮಹಿಷಾಸುರ "ಅಯ್ಯೋ ಅಬ್ಬೇ!" ಎಂದದ್ದು ಕೇಳಿಸಿತು.